ಫ್ರಾನ್ಸ್ ಜೋಸೆಫ್ ಲ್ಯಾಂಡ್: ನೆಲಾನಾ, ಬರೀ ಮಂಜುಗಡ್ಡೆನಾ?

ಪ್ರಶ್ನೆ: ಮಗಳ ಅಟ್ಲಾಸ್‌ನಲ್ಲಿ ರಷ್ಯಾದ ಮೇಲ್ಗಡೆ ಫ್ರಾನ್ಸ್ ಜೋಸೆಫ್ ಲ್ಯಾಂಡ್ ಅಂತ ಬಿಳಿ ಚುಕ್ಕಿಗಳಿವೆ ಸರ್. ಅದು ನೆಲಾನಾ, ತೇಲೋ ಮಂಜುಗಡ್ಡೆನಾ? ರಷ್ಯಾದ ಜಾಗಕ್ಕೆ ಈ ಹೆಸರು ಯಾಕೆ?

ಉತ್ತರ: ನೆಲಾನೇ ಅಮ್ಮ. 190ಕ್ಕೂ ಹೆಚ್ಚು ದ್ವೀಪಗಳಿವೆ, ಸುಮಾರು 85 ಪರ್ಸೆಂಟ್ ಜಾಗ ಮಂಜುಗಡ್ಡೆ ಕೆಳಗೇ ಮುಚ್ಚಿಹೋಗಿದೆ. ಆ ಮಂಜುಗಡ್ಡೆ ಇಡ್ಲಿ ಥರ, ನಡುವೆ ಉಬ್ಬಿ ಅಂಚಲ್ಲಿ ತೆಳ್ಳಗಾಗ್ತಾ ಹೋಗಿ ಎಷ್ಟೋ ಕಡೆ ಸೀದಾ ಸಮುದ್ರಕ್ಕೇ ಇಳಿಯುತ್ತೆ. ಅಲ್ಲಿ ಹಿಮ ಬೀಳೋದು ಕಮ್ಮೀನೇ, ಆದ್ರೆ ಜುಲೈನಲ್ಲೂ ಟೆಂಪರೇಚರ್ ಸೊನ್ನೆ ಆಸುಪಾಸಲ್ಲೇ ಇರೋದ್ರಿಂದ ಬಿದ್ದಿದ್ದು ಪೂರ್ತಿ ಕರಗಲ್ಲ. ಮಂಜು ಮುಗಿದ ಕಡೆ ಕಪ್ಪು ಬಸಾಲ್ಟ್ ಬಂಡೆ ಕಾಣುತ್ತೆ. ಹೂಕರ್ ದ್ವೀಪದ ರುಬಿನಿ ಬಂಡೆ ನೋಡಿದ್ರೆ ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೇ ನೆನಪಾಗುತ್ತೆ, ಲಾವಾ ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟು ಆದ ಕಂಬಗಳು, ಬೇಸಿಗೇಲಿ ಅದರ ಸಂದುಗೊಂದಲ್ಲೆಲ್ಲ ಸಾವಿರಾರು ಕಡಲಹಕ್ಕಿ.

ಹೆಸರಿನ ಕಥೆ ಹೀಗಿದೆ. ಆಸ್ಟ್ರಿಯಾ-ಹಂಗೇರಿಯ ಟೆಗೆಟ್‌ಹಾಫ್ ಹಡಗು 1872ರಲ್ಲಿ ಮಂಜುಗಡ್ಡೆಗೆ ಸಿಕ್ಕಿಹಾಕ್ಕೊಂಡು ವರ್ಷಕ್ಕೂ ಹೆಚ್ಚು ಕಾಲ ಅದು ಎಳ್ಕೊಂಡು ಹೋದ ಕಡೆ ಹೋಯ್ತು. 1873 ಆಗಸ್ಟ್ 30ಕ್ಕೆ ಈ ನೆಲ ಕಾಣಿಸ್ತು, ತಮ್ಮ ಚಕ್ರವರ್ತಿ ಹೆಸರನ್ನೇ ಇಟ್ರು. 1926ರಲ್ಲಿ ಸೋವಿಯತ್ ಒಕ್ಕೂಟ ಇದು ನಮ್ದು ಅಂತ ಘೋಷಿಸ್ತು, ಹೆಸರು ಮಾತ್ರ ಹಾಗೇ ಉಳೀತು. ಮೂಲನಿವಾಸಿಗಳು ಯಾರೂ ಇಲ್ಲ, ಇರೋದು ಸೈನಿಕರು, ಹವಾಮಾನ ಕೇಂದ್ರದವರು ಅಷ್ಟೇ.

ಮಗಳಿಗೆ ನಾನ್ಸೆನ್ ಕಥೇನೂ ಹೇಳಿ. ನಾರ್ವೆಯ ಅನ್ವೇಷಕ ಫ್ರಿಡ್‌ಟ್ಯೋಫ್ ನಾನ್ಸೆನ್, ಅವರ ಜೊತೆಗಾರ ಯೋಹಾನ್ಸೆನ್ ಇಬ್ರೂ ಉತ್ತರ ಧ್ರುವ ಮುಟ್ಟಕ್ಕಾಗದೆ ವಾಪಸ್ ಬರ್ತಾ 1895ರಲ್ಲಿ ಇಲ್ಲಿಗೆ ಬಂದ್ರು, ಆದ್ರೆ ಎಲ್ಲಿದೀವಿ ಅನ್ನೋದೇ ಗೊತ್ತಿರ್ಲಿಲ್ಲ. ಯಾಕಂದ್ರೆ ದಾರೀಲಿ ಇಬ್ಬರ ವಾಚೂ ನಿಂತುಹೋಗಿತ್ತು, ಸರಿಯಾದ ಟೈಮ್ ಇಲ್ದೆ ರೇಖಾಂಶ ಲೆಕ್ಕ ಹಾಕಕ್ಕಾಗಲ್ಲ, ಮೇಲಾಗಿ ಆಗಿದ್ದ ಮ್ಯಾಪಲ್ಲಿ ಇಲ್ಲದ ನೆಲಾನೂ ಬರೆದಿದ್ರು. ಕಲ್ಲು ಒಟ್ಟಿ, ತೇಲಿ ಬಂದ ಒಂದು ದಿಮ್ಮೀನೇ ತೊಲೆ ಮಾಡಿ (ಅಲ್ಲಿ ಒಂದು ಮರವೂ ಬೆಳೆಯಲ್ಲ), ವಾಲ್ರಸ್ ಚರ್ಮ ಹೊದಿಸಿ, ಆ ಗುಡಿಸಲಲ್ಲಿ ಹಿಮಕರಡಿ ಮಾಂಸ ತಿಂದ್ಕೊಂಡು ಚಳಿಗಾಲ ಪೂರ್ತಿ ಕಳೆದ್ರು. 1896 ಜೂನ್‌ನಲ್ಲಿ ಇಲ್ಲಿನ ಕೇಪ್ ಫ್ಲೋರಾ ಅನ್ನೋ ಭೂಶಿರದಲ್ಲಿ ನಾಯಿ ಬೊಗಳೋ ಸದ್ದು ಕೇಳಿಸ್ತು, ನೋಡಿದ್ರೆ ಎದುರಿಗೆ ಇಂಗ್ಲೆಂಡಿನ ಅನ್ವೇಷಕ ಫ್ರೆಡರಿಕ್ ಜಾಕ್ಸನ್! ಆಗಲೇ ತಾವೆಲ್ಲಿದೀವಿ ಅಂತ ಅವರಿಗೆ ಖಾತ್ರಿ ಆಗಿದ್ದು. ಗುಡಿಸಲು ಕಟ್ಟಿದ ದ್ವೀಪಕ್ಕೆ ನಾನ್ಸೆನ್ ಇಟ್ಟಿದ್ದು ಜಾಕ್ಸನ್ ಅವರ ಹೆಸರನ್ನೇ.