ಗಾಡಿ ವಿಚಾರ: ನೂರರ ವೇಗದಲ್ಲಿ ಬಿಸಿಯೇರುವ ಎಂಜಿನ್

ಪ್ರಶ್ನೆ: ನನ್ನ ಬಳಿ 1.8 ಲೀಟರ್‌ನ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರಿದೆ. ಕಳೆದ ವರ್ಷ ದೊಡ್ಡ ಟರ್ಬೊ ಕೂರಿಸಿ, ಬಂಪರಿನ ಹಿಂದೆ ದೊಡ್ಡ ಇಂಟರ್‌ಕೂಲರ್ (ಆ ಗಾಳಿಯನ್ನು ತಂಪಾಗಿಸುವ ಜಾಲರಿ) ಹಾಕಿಸಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದೆ. ಊರೊಳಗೆ, ಅಶೋಕ ರಸ್ತೆಯ ದಟ್ಟಣೆಯಲ್ಲೂ ತೊಂದರೆಯಿಲ್ಲ. ಆದರೆ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಒಂದೇ ಸಮನೆ 100 ಕಿ.ಮೀ. ವೇಗದಲ್ಲಿ ಹೊರಟರೆ ಅರ್ಧ ದಾರಿ ಕಳೆಯುವುದರೊಳಗೆ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಉಷ್ಣತೆ 108 ಡಿಗ್ರಿ ಮುಟ್ಟುತ್ತದೆ. ಏಸಿ ನಿಲ್ಲಿಸಿದರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಗ್ಯಾರೇಜಿನವರು ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟಿಗೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ತೆಗೆದುಹಾಕಿದರೂ ಗುಣ ಕಾಣಲಿಲ್ಲ. ಈಗ ದಪ್ಪನೆಯ ಅಲ್ಯುಮಿನಿಯಂ ರೇಡಿಯೇಟರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲಿರುವ ವಿವರಗಳೇ ಕಾಯಿಲೆ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಹೇಳುತ್ತಿವೆ.

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಕೆಲಸಕ್ಕೆ ಬಂದರೆ, ಇನ್ನೊಂದು ಪಾಲು ಸೈಲೆನ್ಸರಿನ ಮೂಲಕ ಹೊರಹೋಗುತ್ತದೆ, ಉಳಿದದ್ದರ ಬಹುಭಾಗವನ್ನು ಕೂಲಂಟ್ ಹೊತ್ತು ರೇಡಿಯೇಟರಿಗೆ ತರುತ್ತದೆ. ಆದ್ದರಿಂದ ಬಿಸಿಯ ಪ್ರಮಾಣವು ಆ ಹೊತ್ತಿಗೆ ಎಷ್ಟು ಪೆಟ್ರೋಲ್ ಉರಿಯುತ್ತಿದೆ ಎಂಬುದನ್ನು ಅವಲಂಬಿಸಿದೆಯೇ ಹೊರತು ಎಂಜಿನ್ ಗರಿಷ್ಠ ಎಷ್ಟು ಅಶ್ವಶಕ್ತಿ ಕೊಡಬಲ್ಲದು ಎಂಬುದನ್ನಲ್ಲ. ಸಮತಟ್ಟಾದ ರಸ್ತೆಯಲ್ಲಿ 100 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಸಾಧಾರಣ ಕಾರಿಗೆ 20ರಿಂದ 25 ಅಶ್ವಶಕ್ತಿ ಸಾಕಾಗುತ್ತದೆ. ಕಂಪನಿಯಿಂದ ಬಂದ ಸ್ಥಿತಿಯಲ್ಲಿದ್ದರೂ ಅಷ್ಟೇ, ದೊಡ್ಡ ಟರ್ಬೊ ಕೂರಿಸಿದ್ದರೂ ಅಷ್ಟೇ. ಕಾಲನ್ನು ಪೂರ್ತಿ ಒತ್ತಿ ಹಲವು ಸಲ ಓಡಿಸಿದ ಮೇಲೆ ಮಾತ್ರ ಬಿಸಿಯೇರುತ್ತಿದ್ದರೆ ಹೆಚ್ಚಿದ ಶಕ್ತಿಯನ್ನು ದೂರಬಹುದಿತ್ತು. ಒಂದೇ ಸಮನೆಯ ಓಟದಲ್ಲಿ, ಹಳೆಯ ರೇಡಿಯೇಟರ್ ಮೊದಲು ಸಲೀಸಾಗಿ ನಿಭಾಯಿಸುತ್ತಿದ್ದಷ್ಟೇ ಬಿಸಿಗೆ ಈಗ ಸೋಲುತ್ತಿದೆಯೆಂದರೆ, ಅದಕ್ಕೆ ಸಿಗಬೇಕಾದ ಗಾಳಿ ಸಿಗುತ್ತಿಲ್ಲ ಅಥವಾ ಕೂಲಂಟ್ ಸರಿಯಾಗಿ ಹರಿಯುತ್ತಿಲ್ಲ.

ಊರೊಳಗೆ ಫ್ಯಾನ್ ಗಾಳಿಯನ್ನು ಎಳೆದು ಕೆಲಸ ನಡೆಸುತ್ತದೆ, ಅದು ಸರಿಯಿದೆ. ಹೆದ್ದಾರಿಯಲ್ಲಿ ಮುಂದಿನಿಂದ ನುಗ್ಗುವ ಗಾಳಿಯೇ ಆಧಾರ. ಈ ಗಾಳಿ ತನಗೆ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ: ಮೇಲ್ಭಾಗದಲ್ಲಿ ನೀರು ಅತ್ತಿತ್ತ ಹೋದರೆ ನಾಲೆ ತುಂಬಿ ಹರಿದರೂ ಅವರ ಗದ್ದೆ ಒಣಗುತ್ತದೆ. ನಿಮ್ಮ ಕಾರಿನಲ್ಲಿ ಕೊನೆಭಾಗದ ಗದ್ದೆ ರೇಡಿಯೇಟರ್. ಅದರ ಮುಂದೆ ಏಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್, ಅದಕ್ಕೂ ಮುಂದೆ ಹೊಸ ಇಂಟರ್‌ಕೂಲರ್ ನಿಂತಿವೆ. ಇಂಟರ್‌ಕೂಲರ್ ಕೂರಿಸುವಾಗ ಗ್ರಿಲ್‌ನಿಂದ ರೇಡಿಯೇಟರಿನವರೆಗೆ ಗಾಳಿಯನ್ನು ಒಯ್ಯುವ ಪ್ಲಾಸ್ಟಿಕ್ ಗೋಡೆಗಳನ್ನು ಜಾಗ ಸಾಲದೆಂದು ಕತ್ತರಿಸಿ ಎಸೆಯುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಆಮೇಲೆ ಗಾಳಿಯು ಮೂರು ಪದರ ತೆಳು ಲೋಹದ ಫಿನ್‌ಗಳನ್ನು ಹಾಯುವ ಬದಲು ಪಕ್ಕದ ಸಂದುಗಳಿಂದ ಮತ್ತು ಕೆಳಗಿನಿಂದ ಜಾರಿಹೋಗುತ್ತದೆ. ಏಸಿ ನಿಲ್ಲಿಸಿದೊಡನೆ ಉಷ್ಣತೆ ಇಳಿಯುವುದೂ ಇದಕ್ಕೆ ಹೊಂದುತ್ತದೆ, ಏಕೆಂದರೆ ಹಾಯುತ್ತಿರುವ ಅಲ್ಪ ಗಾಳಿಯನ್ನು ಕಂಡೆನ್ಸರ್ ಮೊದಲೇ ಬಿಸಿ ಮಾಡಿ ಕಳಿಸುತ್ತಿದೆ.

ಬಂಪರ್ ಬಿಚ್ಚಿಸಿ ನೋಡಿ. ಬೆರಳು ತೂರುವ ಸಂದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ದಟ್ಟವಾದ ಫೋಮ್ ಪಟ್ಟಿ ಅಂಟಿಸಿ, ಬದಿಗಳಿಗೂ ತಳಕ್ಕೂ ಅಲ್ಯುಮಿನಿಯಂ ತಗಡಿನ ಗೋಡೆ ಕಟ್ಟಿಸಿ; ಬಾಡಿ ಕೆಲಸ ಬಲ್ಲ ಯಾರಾದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಅದೇ ಹೊತ್ತಿನಲ್ಲಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆಯ ಮೇಲೇ ಕಾಳು ಒಣಗುವ ನಮ್ಮ ಸೀಮೆಯಲ್ಲಿ ಹೊಟ್ಟು ಮತ್ತು ದೂಳು ಅಲ್ಲಿ ಕಂಬಳಿಯಂತೆ ಕೂತಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲನೆಯ ನೀರಿನಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಒತ್ತಡದ ಪೈಪ್ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ.

ಥರ್ಮೋಸ್ಟಾಟನ್ನು ದಯವಿಟ್ಟು ಮರಳಿ ಹಾಕಿಸಿ. ಅದನ್ನು ತೆಗೆದರೆ ಎಂಜಿನ್ ತಂಪಾಗುತ್ತದೆ ಎಂಬುದು ನಮ್ಮ ಗ್ಯಾರೇಜುಗಳ ಹಳೆಯ ನಂಬಿಕೆ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಬಿಸಿ ಕೂಲಂಟಿನ ಒಂದು ಭಾಗ ರೇಡಿಯೇಟರನ್ನು ಮುಟ್ಟದೆಯೇ ಎಂಜಿನ್ನಿಗೆ ಮರಳುತ್ತದೆ. ಬೇಗ ತೆರೆಯುವ ಥರ್ಮೋಸ್ಟಾಟ್ ಹಾಕಿದರೂ ಇಲ್ಲಿ ಪ್ರಯೋಜನವಿಲ್ಲ. 108 ಡಿಗ್ರಿಯಲ್ಲಿ ಸಾಮಾನ್ಯ ಥರ್ಮೋಸ್ಟಾಟ್ ಪೂರ್ತಿ ತೆರೆದೇ ಇರಬೇಕು.

ಇಷ್ಟಾದ ಮೇಲೂ ಬಿಸಿ ಇಳಿಯದಿದ್ದರೆ ರೇಡಿಯೇಟರಿನ ಎರಡು ರಬ್ಬರ್ ಪೈಪುಗಳಿಗೂ ಉಷ್ಣತೆ ಅಳೆಯುವ ತಂತಿಗಳನ್ನು ಕಟ್ಟಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ, ಪಕ್ಕದಲ್ಲಿ ಕೂತವರಿಂದ ಅಂಕಿಗಳನ್ನು ಬರೆಸಿ. ಒಳಹೋಗುವ ಮತ್ತು ಹೊರಬರುವ ಪೈಪುಗಳ ನಡುವೆ ಮೂರ್ನಾಲ್ಕು ಡಿಗ್ರಿ ಮಾತ್ರ ವ್ಯತ್ಯಾಸವಿದ್ದು ಎಂಜಿನ್ ಬಿಸಿಯಾಗಿದ್ದರೆ, ಕೂಲಂಟ್ ಹರಿಯುತ್ತಿದೆ, ಆದರೆ ಬಿಸಿಯನ್ನು ಬಿಟ್ಟುಕೊಡುತ್ತಿಲ್ಲ ಎಂದರ್ಥ. ವ್ಯತ್ಯಾಸ 20 ಡಿಗ್ರಿ ದಾಟಿದ್ದರೆ ಹರಿವೇ ಕಡಿಮೆಯಾಗಿದೆ. ವಾಟರ್ ಪಂಪ್ ಅಥವಾ ಕಟ್ಟಿಕೊಂಡ ಕೊಳವೆಗಳನ್ನು ಶಂಕಿಸಬೇಕು. ಕೂಲಂಟ್ ತಾನಾಗಿ ಕಡಿಮೆಯಾಗುತ್ತಿದ್ದರೆ, ಪೈಪುಗಳು ತಣ್ಣಗಿರುವಾಗಲೂ ಬಿಗಿಯಾಗಿದ್ದರೆ, ಮೊದಲು ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲು) ಪರೀಕ್ಷೆ ಮಾಡಿಸಿ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಹೆಚ್ಚಿಸಿದ ಎಂಜಿನ್ನುಗಳಲ್ಲಿ ಅದು ಸೋಲುವುದು ಅಪರೂಪವಲ್ಲ.

ರೇಡಿಯೇಟರ್ ಕೊನೆಗೂ ಬೇಕೆಂದಾದರೆ ದಪ್ಪಕ್ಕಿಂತ ಅಗಲ ಎತ್ತರಗಳಲ್ಲಿ ದೊಡ್ಡದನ್ನು ಹುಡುಕಿ. ಹಿಂದಿನ ಸಾಲುಗಳಿಗೆ ತಲುಪುವಷ್ಟರಲ್ಲಿ ಗಾಳಿಯೇ ಕಾದಿರುವುದರಿಂದ ದಪ್ಪನೆಯ ಕೋರ್ (ರೇಡಿಯೇಟರಿನ ಒಳಜಾಲರಿ) ತನ್ನ ತೂಕದಷ್ಟು ಕೆಲಸ ಮಾಡುವುದಿಲ್ಲ. ಗಾಳಿಯನ್ನು ಇನ್ನಷ್ಟು ತಡೆಯಲೂಬಹುದು. ಪೂರ್ತಿ ಶಕ್ತಿಯನ್ನು ಆಗಾಗ ಬಳಸುವವರಾದರೆ ನನ್ನ ಮಟ್ಟಿಗೆ ಆ ಹಣವನ್ನು ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರಿಗೆ ಹಾಕುವುದು ಲೇಸು, ಏಕೆಂದರೆ ಟರ್ಬೊವಿನ ಬಿಸಿಯಲ್ಲಿ ಒಂದು ಪಾಲನ್ನು ಹೊರುವುದು ಎಂಜಿನ್ ಆಯಿಲ್. ರೀಮ್ಯಾಪ್ ಮಾಡಿದವರಿಂದ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ದಾಖಲೆಯನ್ನೂ ಕೇಳಿ. ನಾಕಿಂಗ್ (ಇಂಧನ ಅಕಾಲದಲ್ಲಿ ಸಿಡಿಯುವುದು) ತಪ್ಪಿಸಲು ಇಸಿಯು ಪದೇ ಪದೇ ಕಿಡಿಯನ್ನು ತಡಮಾಡುತ್ತಿದ್ದರೆ ಕೆಲಸವಾಗಬೇಕಾದ ಶಕ್ತಿ ಬಿಸಿಯಾಗಿ ಟರ್ಬೊ ಮತ್ತು ಎಕ್ಸಾಸ್ಟ್ ಸೇರುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಆರ್‌ಸಿಯಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ವಿಮೆಯ ಕಾಗದವನ್ನೂ ಒಮ್ಮೆ ತೆಗೆದು ಓದಿ.

ಪ್ರಶ್ನೆ: ಕೂಲಂಟ್ ದುಬಾರಿ, ನೀರೇ ಹೆಚ್ಚು ತಂಪು ಎಂದು ಹೇಳಿ ಮೆಕ್ಯಾನಿಕ್ ಒಬ್ಬರು ನನ್ನ ಕಾರಿಗೆ ಬೋರ್‌ವೆಲ್ ನೀರು ತುಂಬಿಸಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜವಿದೆ. ಬಿಸಿಯನ್ನು ಹೊರುವುದರಲ್ಲಿ ಶುದ್ಧ ನೀರು ಕೂಲಂಟ್ ಮಿಶ್ರಣಕ್ಕಿಂತ ಮೇಲು. ಆದರೆ ಚಿತ್ರದುರ್ಗ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ನಿಮ್ಮ ಮನೆಯ ನೀರು ಕಾಯಿಸುವ ಕಾಯಿಲ್ ನೋಡಿದರೆ ತಿಳಿಯುತ್ತದೆ. ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಜೊತೆಗೆ ತುಕ್ಕು ತಡೆಯುವ ರಾಸಾಯನಿಕ ಇಲ್ಲದೆ ಅಲ್ಯುಮಿನಿಯಂ ಸವೆಯುತ್ತದೆ.

ಕುದಿಯುವ ವಿಷಯವೂ ಇದೆ. ಅತಿಯಾಗಿ ಕಾದ ದೋಸೆ ಹಂಚಿನ ಮೇಲೆ ಚಿಮುಕಿಸಿದ ನೀರು ಆವಿಯಾಗದೆ ಗೋಲಿಯಂತೆ ಉರುಳುವುದನ್ನು ನೋಡಿರುತ್ತೀರಿ. ಹನಿಯ ಕೆಳಗೆ ಆವಿಯ ಪದರ ಎದ್ದು, ಹಂಚಿನ ಬಿಸಿ ನೀರಿಗೆ ದಾಟದಂತೆ ತಡೆಯುತ್ತದೆ. ಸಿಲಿಂಡರ್ ಹೆಡ್ಡಿನ ತೀರ ಬಿಸಿಯಾದ ಜಾಗಗಳಲ್ಲಿ ಹೀಗಾದರೆ, ಮೀಟರಿನ ಮುಳ್ಳು ನಡುವಿನಲ್ಲೇ ಇದ್ದರೂ ಲೋಹ ಬೇಯುತ್ತಿರುತ್ತದೆ. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡ ಇದನ್ನು ದೂರವಿಡುತ್ತದೆ: ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಶುದ್ಧ ನೀರು ಸುಮಾರು 120 ಡಿಗ್ರಿಯಲ್ಲಿ, ಅರ್ಧಕ್ಕರ್ಧ ಕೂಲಂಟ್ ಮಿಶ್ರಣ ಇನ್ನೂ ಏಳೆಂಟು ಡಿಗ್ರಿ ಮೇಲೆ ಕುದಿಯುತ್ತದೆ. ರಬ್ಬರ್ ಸವೆದ ಹಳೆಯ ಮುಚ್ಚಳವಿದ್ದರೆ ಅದನ್ನೂ ಬದಲಿಸಿ.

ಇರುವ ನೀರನ್ನು ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರಿನಿಂದ ಎರಡು ಸಲ ತೊಳೆದು, ನಿಮ್ಮ ಕಾರಿನ ಕೈಪಿಡಿ ಹೇಳುವ ಬಗೆಯ ಕೂಲಂಟನ್ನು ಹಾಕಿ. ಬಣ್ಣ ನೋಡಿ ಆರಿಸಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಡಬ್ಬಿಯಲ್ಲಿ ಮೊದಲೇ ಬೆರೆಸಿದ್ದು ಎಂದಿದ್ದರೆ ಮತ್ತೆ ನೀರು ಸೇರಿಸಬಾರದು.

ಪ್ರಶ್ನೆ: ಬಾನೆಟ್ಟಿನ ಹಿಂಬದಿಗೆ ವಾಷರ್ ಕೊಟ್ಟು ಒಂದಿಂಚು ಎತ್ತರಿಸಿದರೆ ಬಿಸಿಗಾಳಿ ಹೊರಹೋಗುತ್ತದೆಯೇ?
– ಓದುಗರೊಬ್ಬರು, ಹರಿಹರ

ಉತ್ತರ: ನಿಂತಾಗ ಹೋಗುತ್ತದೆ. ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಹೊರಗಿನ ಗಾಳಿಯೇ ಒಳಗೆ ನುಗ್ಗಿ, ರೇಡಿಯೇಟರ್ ದಾಟಿ ಬರುವ ಗಾಳಿಗೆ ಎದುರು ನಿಲ್ಲಬಹುದು. ಕ್ಯಾಬಿನ್ನಿಗೆ ಗಾಳಿ ಎಳೆಯುವ ಕಿಂಡಿಯೂ ಅಲ್ಲೇ ಇರುವುದರಿಂದ ಎಂಜಿನ್ನಿನ ಹೊಗೆ ವಾಸನೆ ನಿಮ್ಮ ಮೂಗಿಗೆ ಬರುತ್ತದೆ. ಬಿಸಿಗಾಳಿ ಹೊರಹೋಗಲು ಕಿಂಡಿ ಕೊರೆಸುವುದೇ ಆದರೆ ರೇಡಿಯೇಟರಿನ ತುಸು ಹಿಂದೆ, ಬಾನೆಟ್ಟಿನ ಮುಂಭಾಗದಲ್ಲಿ ಕೊರೆಸಿ. ಕೊರೆಸುವ ಮೊದಲು ಬಾನೆಟ್ಟಿನ ಮೇಲೆ ಉಣ್ಣೆ ದಾರದ ತುಂಡುಗಳನ್ನು ಅಂಟಿಸಿ ಓಡಿಸಿ, ಇನ್ನೊಂದು ಗಾಡಿಯಿಂದ ವಿಡಿಯೊ ಮಾಡಿಸಿ. ದಾರಗಳು ಮೇಲಕ್ಕೆದ್ದು ಒದ್ದಾಡುವ ಕಡೆ ಒತ್ತಡ ಕಡಿಮೆಯಿರುವ ಸಾಧ್ಯತೆ ಹೆಚ್ಚು.