ಆರ್‌ಜಿಬಿ ಕೀಬೋರ್ಡ್ ತಗೊಂಡೆ, ಬಣ್ಣ ಮಾತ್ರ ಬದಲಾಗುತ್ತಿಲ್ಲ. ಯಾವ ಸಾಫ್ಟ್‌ವೇರ್ ಹಾಕಬೇಕು?

ಸಿಂಧನೂರಿನವರು ಅಂದಿದ್ದೀರಿ. 900 ರೂಪಾಯಿಗೆ ಗೇಮಿಂಗ್ ಕೀಬೋರ್ಡ್ ತರಿಸಿದ್ದೀರಿ, ಏಳು ಬಣ್ಣ ಹೊಳೆಯುತ್ತವೆ, ಆದರೆ ಎಲ್ಲ ಕೀಲಿಗಳನ್ನೂ ನೀಲಿ ಮಾಡೋಕೆ ಆಗ್ತಿಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಆಗುವುದಿಲ್ಲ ಅನಿಸುತ್ತದೆ. ಒಂದು ಸಲ ನೋಡಿ: ಎಡಗಡೆ ಕೆಂಪು, ನಡುವೆ ಹಸಿರು, ಬಲಗಡೆ ನೇರಳೆ ಅಂತ ಪಟ್ಟೆಗಳು ಯಾವಾಗಲೂ ಅಲ್ಲಲ್ಲೇ ಇವೆಯಾ? ಬೆಳಕು ಜಾಸ್ತಿ ಕಮ್ಮಿ ಮಾತ್ರ ಆಗುತ್ತದಾ? ಹಾಗಿದ್ದರೆ ಕೀಬೋರ್ಡ್ ಕೆಟ್ಟಿಲ್ಲ. ಅದರೊಳಗೆ ನಿಜವಾದ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೆರೆಸಿ ಬೇಕಾದ ಬಣ್ಣ ಮಾಡುವ ದೀಪ, ಇಲ್ಲ, ಅಷ್ಟೇ. ಅದನ್ನು ರೇನ್‌ಬೋ ಬ್ಯಾಕ್‌ಲೈಟ್ ಅನ್ನುತ್ತಾರೆ.

ನಾನು ಕೊಪ್ಪಳದವನು. ಚಿಕ್ಕವನಿದ್ದಾಗ ಗವಿಮಠದ ಜಾತ್ರೆ ಬಂತಂದರೆ ಮಾಮನ ಜೊತೆ ಲೈಟಿನ ಸರ ಕಟ್ಟೋಕೆ ಹೋಗುತ್ತಿದ್ದೆ. ಬೆಳಕು ಓಡುವ ಹಾಗೆ ಕಾಣುವ ಸರ ಇರುತ್ತಲ್ಲ, ಅದರಲ್ಲಿ ಯಾವುದೂ ಓಡುವುದಿಲ್ಲ. ಮೂರು ನಾಲ್ಕು ಸರಗಳನ್ನು ಒಟ್ಟಿಗೆ ಹೆಣೆದಿರುತ್ತಾರೆ. ಒಂದು ಡಬ್ಬಿ ಸರದಿಯ ಮೇಲೆ ಒಂದೊಂದಕ್ಕೆ ಕರೆಂಟ್ ಬಿಡುತ್ತದೆ. ಕೆಂಪು ಬಲ್ಬು ಸುಟ್ಟುಹೋಗುವವರೆಗೂ ಕೆಂಪೇ. ನಿಮ್ಮ ಕೀಬೋರ್ಡ್ ಕೂಡ ಇದೇ ಜಾತಿ.

ನಿಜವಾದ ಆರ್‌ಜಿಬಿಯಲ್ಲಿ ಒಂದೊಂದು ಎಲ್‌ಇಡಿಯ ಒಳಗೂ ಕೆಂಪು, ಹಸಿರು, ನೀಲಿ ಮೂರು ಚುಕ್ಕೆ ಇರುತ್ತವೆ. ನನ್ನ ಕೀಬೋರ್ಡಿನ ಒಂದು ಕೀಲಿಯ ಟೋಪಿ ಕಿತ್ತು, ಬೆಳಕು ತೀರಾ ಕಮ್ಮಿ ಮಾಡಿ, ಭೂತಗನ್ನಡಿಯಲ್ಲಿ ನೋಡಿದ್ದೆ. ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಚೌಕ, ಅದರೊಳಗೆ ಮೂರು ಕಿಡಿ. ದೂರದಿಂದ ಬಿಳಿ, ಹತ್ತಿರದಿಂದ ಮೂರು ಬೇರೆ ಬೇರೆ ಬಣ್ಣ. ಆ ದಿನ ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಪ್ರತಿ ಚುಕ್ಕೆಗೂ 0ಯಿಂದ 255ರವರೆಗೆ, ಅಂದರೆ 256 ಮೆಟ್ಟಿಲು. 256 × 256 × 256 ಅಂದರೆ 1,67,77,216. ಡಬ್ಬಿಯ ಮೇಲೆ '1.68 ಕೋಟಿ ಬಣ್ಣ' ಅಂತ ಬರೆಯುವುದು ಇದಕ್ಕೇ. ಮಂದ ಬೆಳಕು ಬೇಕಾದಾಗ ಎಲ್‌ಇಡಿ ಮಂದವಾಗಿ ಉರಿಯುವುದಿಲ್ಲ, ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಹತ್ತಿ ಆರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಕೆಲವೊಮ್ಮೆ ಕೀಬೋರ್ಡ್ ಮಿಣುಕಿದಂತೆ ಕಾಣುವುದು ಅದರಿಂದಲೇ.

ಆದರೆ ಲೆಕ್ಕದ ಬಣ್ಣವೇ ಬೇರೆ, ಕಣ್ಣಿಗೆ ಕಾಣುವ ಬಣ್ಣವೇ ಬೇರೆ. ಅರಿಶಿನದ ಬಣ್ಣ ಬೇಕು ಅಂತ ಕೆಂಪು 255, ಹಸಿರು 255, ನೀಲಿ 0 ಕೊಟ್ಟೆ. ನಿಂಬೆಕಾಯಿ ಬಣ್ಣ ಬಂತು. ಹಸಿರನ್ನು 150ರ ಹತ್ತಿರ ಇಳಿಸಿದ ಮೇಲೆ ಅರಿಶಿನ ಆಯಿತು. ಬಿಳಿಯೂ ಹಾಗೇ, ಮೂರೂ 255 ಕೊಟ್ಟರೆ ಸುಮಾರು ಕೀಬೋರ್ಡುಗಳಲ್ಲಿ ನೀಲಿ ಹೊಡೆಯುತ್ತದೆ. ನೀಲಿ, ಹಸಿರು ಸ್ವಲ್ಪ ಇಳಿಸಿ. ಮೂರೂ ಚುಕ್ಕೆ ಉರಿಯುವುದರಿಂದ ಬಿಳಿಗೆ ಕರೆಂಟೂ ಜಾಸ್ತಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುವಾಗ ನಾನು ಒಂದೇ ಬಣ್ಣ ಇಟ್ಟು ಬೆಳಕನ್ನು ಅರ್ಧಕ್ಕೆ ಇಳಿಸುತ್ತೇನೆ.

ಮುಂದಿನ ಸಲ ಕೊಳ್ಳುವಾಗ 'ಪರ್-ಕೀ ಆರ್‌ಜಿಬಿ' ಅಂತ ಬರೆದಿದೆಯಾ ನೋಡಿ. ಬರೀ 'ಝೋನ್' ಅಂತಿದ್ದರೆ ಮೂರೋ ನಾಲ್ಕೋ ಭಾಗಕ್ಕೆ ಒಂದೊಂದು ಬಣ್ಣ ಹಾಕಬಹುದು, ಕೀಲಿಗೊಂದು ಬಣ್ಣ ಆಗುವುದಿಲ್ಲ. ಇನ್ನೊಂದು ಮಾತು ಯಾರೂ ಕೇಳುವುದಿಲ್ಲ: ನೀವು ಹಾಕಿದ ಬಣ್ಣ ಎಲ್ಲಿ ಉಳಿಯುತ್ತದೆ? ಆನ್‌ಬೋರ್ಡ್ ಮೆಮೊರಿ ಇದ್ದರೆ ಕೀಬೋರ್ಡಿನಲ್ಲೇ ಉಳಿಯುತ್ತದೆ, ಹಾಸ್ಟೆಲಿನ ಗೆಳೆಯನ ಕಂಪ್ಯೂಟರಿಗೆ ಚುಚ್ಚಿದರೂ ಬರುತ್ತದೆ. ಇಲ್ಲದಿದ್ದರೆ ಸಾಫ್ಟ್‌ವೇರ್ ಸದಾ ಓಡುತ್ತಿರಬೇಕು. ಒಂದೊಂದು ಕಂಪನಿಗೂ ಅದರದೇ ಸಾಫ್ಟ್‌ವೇರ್: ರೇಜರ್‌ಗೆ ಸಿನಾಪ್ಸ್, ಲಾಜಿಟೆಕ್‌ಗೆ ಜಿ ಹಬ್, ಕೋರ್ಸೇರ್‌ಗೆ ಐಕ್ಯೂ. ಮೌಸ್ ಒಂದು ಕಂಪನಿ, ಕೀಬೋರ್ಡ್ ಇನ್ನೊಂದು ಕಂಪನಿ ಆದರೆ ಎರಡು ಸಾಫ್ಟ್‌ವೇರ್ ಓಡಬೇಕು. 4 ಜಿಬಿ ರ‍್ಯಾಮ್ ಇರುವವರಿಗೆ ಅದು ಭಾರವೇ. ಓಪನ್‌ಆರ್‌ಜಿಬಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಲವು ಕಂಪನಿಗಳ ಸಾಮಾನನ್ನು ಒಂದೇ ಕಡೆಯಿಂದ ನಡೆಸುತ್ತದೆ. ವಿಂಡೋಸ್ 11ರಲ್ಲೂ 2023ರಿಂದ ಇಂಥ ಬಣ್ಣ ನಡೆಸುವ 'ಡೈನಾಮಿಕ್ ಲೈಟಿಂಗ್' ಇದೆ, ಅದಕ್ಕೆ ಹೊಂದುವ ಸಾಮಾನು ಬೇಕು.

ಮೇಜಿನ ಹಿಂದೆ ಅಂಟಿಸುವ ಎಲ್‌ಇಡಿ ಪಟ್ಟಿ ತಗೊಳ್ಳುವ ಆಸೆಯಿದ್ದರೆ ಹುಷಾರು. ಎಆರ್‌ಜಿಬಿ, ಅಂದರೆ ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಹೇಳಬಹುದಾದ ಪಟ್ಟಿಯಲ್ಲಿ ಮಾಹಿತಿ ಪಂಕ್ತಿ ಊಟದ ಹಾಗೆ ಸಾಗುತ್ತದೆ: ಮೊದಲ ಎಲ್‌ಇಡಿ ತನ್ನ ಪಾಲು ತಗೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತದೆ. ಅದಕ್ಕೇ ಒಂದೊಂದೂ ಬೇರೆ ಬಣ್ಣ ಹೊಳೆಯುತ್ತದೆ. ಅದು 5 ವೋಲ್ಟ್, ಮೂರು ಪಿನ್. ಹಳೆಯ ಆರ್‌ಜಿಬಿ ಪಟ್ಟಿ 12 ವೋಲ್ಟ್, ನಾಲ್ಕು ಪಿನ್. ನಾನು 5 ವೋಲ್ಟಿನದನ್ನು ಒತ್ತಿ 12ಕ್ಕೆ ಸಿಕ್ಕಿಸಿದ್ದೆ. ಒಂದು ಸಲ ಫಳ್ಳೆಂದು ಹೊಳೆದು ಇಡೀ ಪಟ್ಟಿ ಸತ್ತಿತು.

ಇಷ್ಟೆಲ್ಲ ಸುಮ್ನೆ ಶೋಕಿಗಾ ಅಂತ ಮನೆಯಲ್ಲಿ ಕೇಳಿದರೆ ನನ್ನ ತಂಗಿಯ ಕೀಬೋರ್ಡ್ ತೋರಿಸುತ್ತೇನೆ. ಅವಳು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಳು. ಕೀಲಿಗಳ ಮೇಲೆ ಕನ್ನಡ ಅಕ್ಷರ ಇಲ್ಲ. ಆ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಎಡಗಡೆಯ ಸ್ವರದ ಕೀಲಿಗಳಿಗೆ ಅರಿಶಿನ, ವ್ಯಂಜನಗಳಿಗೆ ನೀಲಿ, ಒತ್ತಕ್ಷರಕ್ಕೆ ಬೇಕಾದ ಡಿ ಕೀಲಿಗೆ ಮಾತ್ರ ಕುಂಕುಮದ ಕೆಂಪು ಹಾಕಿಕೊಟ್ಟೆ. 'ಕೊಪ್ಪಳ' ಬರೆಯುವಾಗ ಅವಳ ಬೆರಳು 'ಪ' ಇರುವ ಹೆಚ್ ಒತ್ತಿ, ಕೆಂಪಿಗೆ ಹೋಗಿ, ಮತ್ತೆ ಹೆಚ್‌ಗೆ ಬರುತ್ತಿತ್ತು. ಕೆಲವು ವಾರ ಕಳೆದ ಮೇಲೆ 'ಅಣ್ಣಾ, ಲೈಟ್ ಆರಿಸು, ಈಗ ಬೇಡ' ಅಂದಳು.