ರ‍್ಯಾಮ್ ಡಿಸ್ಕ್: ಎಷ್ಟು ಕೊಡಬೇಕು, ಕರೆಂಟ್ ಹೋದರೆ ಏನು ಗತಿ?

(ರ‍್ಯಾಮ್ ಡಿಸ್ಕ್ ಎಂದರೆ ಕಂಪ್ಯೂಟರಿನ ರ‍್ಯಾಮಿನ, ಅಂದರೆ ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಡುವ ವೇಗದ ಮೆಮೊರಿಯ, ಒಂದು ಭಾಗವನ್ನು ಫೋಲ್ಡರಿನಂತೆ ಬಳಸುವುದು. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ.)

ಪ್ರಶ್ನೆ: ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಉಬುಂಟು, 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಕ್ರಯಪತ್ರದಂಥ ಹಳೆ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡುವಾಗ ಕಂಪ್ಯೂಟರ್ ತೆವಳುತ್ತದೆ. ರ‍್ಯಾಮ್ ಡಿಸ್ಕ್ ಹಾಕಿದರೆ ಅನುಕೂಲವೇ? ಎಷ್ಟು ಜಿಬಿ ಕೊಡಲಿ?

ಉತ್ತರ: ಅನುಕೂಲವಿದೆ, ಆದರೆ ಎಲ್ಲ ಕೆಲಸಕ್ಕೂ ಅಲ್ಲ. ಒಮ್ಮೆ ಓದಿದ ಫೈಲನ್ನು ಲಿನಕ್ಸ್ (ಉಬುಂಟು ಅದರದ್ದೇ ಒಂದು ಬಗೆ) ತಾನಾಗಿಯೇ ಖಾಲಿ ರ‍್ಯಾಮಿನಲ್ಲಿ ಉಳಿಸಿಕೊಂಡಿರುತ್ತದೆ. ಹಾಗಾಗಿ ಸಿದ್ಧ ಪಿಡಿಎಫ್ ತೆರೆದು ನೋಡುವುದಕ್ಕೆ ರ‍್ಯಾಮ್ ಡಿಸ್ಕಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಲಾಭ ಸಿಗುವುದು ಸ್ಕ್ಯಾನ್ ತಂತ್ರಾಂಶ ಬರೆದು, ಓದಿ, ಅಳಿಸಿಹಾಕುವ ತಾತ್ಕಾಲಿಕ ಫೈಲುಗಳಿಗೆ.

ಗಾತ್ರವನ್ನು ಅಂದಾಜಿನಲ್ಲಿ ಕೊಡಬೇಡಿ, ಲೆಕ್ಕ ಹಾಕಿ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಎ4 ಪುಟವೆಂದರೆ 2480 × 3508 ಪಿಕ್ಸೆಲ್. ಬಣ್ಣದ್ದಾದರೆ ಪಿಕ್ಸೆಲ್‌ಗೆ 3 ಬೈಟ್, ಅಂದರೆ ಕುಗ್ಗಿಸದ ಒಂದು ಪುಟಕ್ಕೆ ಸುಮಾರು 26 ಎಂಬಿ. 2 ಜಿಬಿಯಲ್ಲಿ 80 ಪುಟ ಹಿಡಿಯುತ್ತದೆ. ಬೂದುಬಣ್ಣದ ಸ್ಕ್ಯಾನ್ ಆದರೆ ಇದರ ಮೂರರಷ್ಟು ಪುಟ. ತಂತ್ರಾಂಶ ಪ್ರತಿ ಪುಟಕ್ಕೆ ಇನ್ನೊಂದು ಪ್ರತಿ ಮಾಡಿಕೊಂಡರೆ ಅರ್ಧಕ್ಕೆ ಇಳಿಯಿತು. ನಿತ್ಯ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆದಿಟ್ಟು 'ಫ್ರೀ -ಎಚ್' ಕೊಟ್ಟು ನೋಡಿ. 'ಅವೈಲಬಲ್' ಕಾಲಂನಲ್ಲಿ 4 ಜಿಬಿಗಿಂತ ಹೆಚ್ಚಿದ್ದರೆ 2 ಜಿಬಿ ಕೊಡಿ. ಪುಟಗಳನ್ನು ನಲವತ್ತು ನಲವತ್ತರಂತೆ ಮಾಡಿ ಮುಗಿಸಿ.

ಮೊದಲು ಖಾಲಿ ಫೋಲ್ಡರ್ ಬೇಕು:
ಸುಡೊ ಎಂಕೆಡಿಐಆರ್ /ಎಂಎನ್‌ಟಿ/ರ‍್ಯಾಮ್
ಆಮೇಲೆ ಅಲ್ಲಿಗೆ ರ‍್ಯಾಮ್ ಡಿಸ್ಕನ್ನು ಜೋಡಿಸಿ, ಅಂದರೆ ಮೌಂಟ್ ಮಾಡಿ (ಟಿಎಂಪಿಎಫ್‌ಎಸ್ ಎಂಬುದು ಲಿನಕ್ಸಿನಲ್ಲಿ ರ‍್ಯಾಮ್ ಡಿಸ್ಕಿನ ಒಂದು ಬಗೆ):
ಸುಡೊ ಮೌಂಟ್ -ಟಿ ಟಿಎಂಪಿಎಫ್‌ಎಸ್ -ಓ ಸೈಜ್=2ಜಿ,ಮೋಡ್=1777 ಟಿಎಂಪಿಎಫ್‌ಎಸ್ /ಎಂಎನ್‌ಟಿ/ರ‍್ಯಾಮ್

ಇಲ್ಲಿ ಓ ಎಂಬುದು ಅಕ್ಷರ, ಸೊನ್ನೆಯಲ್ಲ. ಅಲ್ಪವಿರಾಮದ ಆಚೀಚೆ ಜಾಗ ಬಿಡಬೇಡಿ. '2ಜಿ'ಯಲ್ಲಿ ಜಿ ಬಿಟ್ಟುಹೋದರೆ ಅದು 2 ಬೈಟ್ ಎಂದಾಗಿ 4 ಕೆಬಿಯ ಡಿಸ್ಕ್ ಸಿಗುತ್ತದೆ, ಮೊದಲ ಪುಟಕ್ಕೇ 'ಜಾಗವಿಲ್ಲ' ಎನ್ನುತ್ತದೆ. ಸೈಜ್ ಹೇಳದೇ ಇದ್ದರೆ ಮಿತಿ ಒಟ್ಟು ರ‍್ಯಾಮಿನ ಅರ್ಧ. ಈ 2 ಜಿಬಿ ಗರಿಷ್ಠ ಮಿತಿ ಮಾತ್ರ. ಫೈಲು ಹಾಕಿದಷ್ಟೇ ರ‍್ಯಾಮ್ ಖರ್ಚಾಗುತ್ತದೆ, ಅಳಿಸಿದರೆ ವಾಪಸು. ಕೊನೆಗೆ, ತಂತ್ರಾಂಶದ ಸೆಟ್ಟಿಂಗಿನಲ್ಲಿ ತಾತ್ಕಾಲಿಕ ಫೋಲ್ಡರ್ ಜಾಗಕ್ಕೆ ಈ ಹೊಸ ಫೋಲ್ಡರನ್ನು ತೋರಿಸಿ. ಮುಗಿದ ಪಿಡಿಎಫ್ ಮಾತ್ರ ಹಾರ್ಡ್ ಡಿಸ್ಕಿಗೇ ಹೋಗಲಿ.

ರ‍್ಯಾಮ್‌ಎಫ್‌ಎಸ್ ಎಂಬ ಇನ್ನೊಂದು ಬಗೆಯಿದೆ. ಅದಕ್ಕೆ ಗಾತ್ರದ ಮಿತಿಯೇ ಇಲ್ಲ, ಸ್ವಾಪ್‌ಗೂ (ರ‍್ಯಾಮ್ ಸಾಲದಾದಾಗ ಬಳಸುವ ಹಾರ್ಡ್ ಡಿಸ್ಕಿನ ಜಾಗ) ಹೋಗುವುದಿಲ್ಲ. ತುಂಬುತ್ತಾ ಹೋಗಿ ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು. ಅಂಗಡಿಯ ಕಂಪ್ಯೂಟರಿಗೆ ಅದು ಬೇಡ.

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ತೋಟ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ರ‍್ಯಾಮ್ ಡಿಸ್ಕಿನಲ್ಲಿರುವುದನ್ನು 5 ನಿಮಿಷಕ್ಕೊಮ್ಮೆ ಹಾರ್ಡ್ ಡಿಸ್ಕಿಗೆ ನಕಲಿಸುವಂತೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಆಜ್ಞೆ ನಡೆಸುವ ಸೌಲಭ್ಯ) ಆರ್‌ಸಿಂಕ್ (ಫೈಲು ನಕಲಿಸುವ ಆಜ್ಞೆ) ಹಾಕಿದ್ದೇನೆ. ಇಷ್ಟು ಸಾಕೇ?

ಉತ್ತರ: ಸಾಲದು. ಆರ್‌ಸಿಂಕ್‌ಗೆ '--ಡಿಲೀಟ್' ಎಂದೂ ಸೇರಿಸಿದ್ದರೆ ಇವತ್ತೇ ನಿಲ್ಲಿಸಿ. ಕರೆಂಟ್ ಹೋಗಿ ಬಂದಾಗ ರ‍್ಯಾಮ್ ಡಿಸ್ಕ್ ಖಾಲಿಯಾಗಿ ಎದ್ದಿರುತ್ತದೆ. ಕ್ರಾನ್‌ಗೆ ಅದು ತಿಳಿಯದು. ಖಾಲಿ ಫೋಲ್ಡರನ್ನೇ ಮೂಲವೆಂದು ನಂಬಿ, ಹಾರ್ಡ್ ಡಿಸ್ಕಿನಲ್ಲಿದ್ದ ನಿಮ್ಮ ಒಳ್ಳೆಯ ನಕಲನ್ನೂ ಅಳಿಸುತ್ತದೆ. ಕರೆಂಟಿನಿಂದ ಹೋಗುವುದು ಐದು ನಿಮಿಷದ ಕೆಲಸ. ಇದರಿಂದ ಹೋಗುವುದು ಎಲ್ಲವೂ.

ಹೀಗೆ ಮಾಡಿ. ರ‍್ಯಾಮ್ ಡಿಸ್ಕಿನೊಳಗೆ 'ಕೆಲಸ' ಎಂಬ ಉಪಫೋಲ್ಡರ್ ಇರಲಿ. ನಕಲು ಆಗುವುದು ಅದರದ್ದು ಮಾತ್ರ. ಯಂತ್ರ ಎದ್ದ ಕೂಡಲೇ ಹಾರ್ಡ್ ಡಿಸ್ಕಿನ ನಕಲು ಪೂರ್ತಿಯಾಗಿ ಅದರೊಳಗೆ ಬರಲಿ. ಬಂದು ಮುಗಿದ ಮೇಲೆ, ಉಪಫೋಲ್ಡರಿನ ಹೊರಗೆ, ರ‍್ಯಾಮ್ ಡಿಸ್ಕಿನಲ್ಲೇ 'ರೆಡಿ' ಎಂಬ ಖಾಲಿ ಫೈಲು ಸೃಷ್ಟಿಯಾಗಲಿ. ಕ್ರಾನ್‌ನ ಸ್ಕ್ರಿಪ್ಟ್ ಮೊದಲು ಈ ಫೈಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಏನೂ ಮಾಡದೆ ಹಿಂದಿರುಗಬೇಕು. ಡಿಸ್ಕ್ ಮಾಯವಾದರೆ ಗುರುತೂ ಅದರೊಂದಿಗೇ ಮಾಯವಾಗುವುದರಿಂದ ಮೋಸವಾಗದು. ನಕಲು ಮುಗಿದ ಮೇಲೆ 'ಸಿಂಕ್' ಆಜ್ಞೆಯೂ ಇರಲಿ. ಇಲ್ಲವಾದರೆ ಬರೆದದ್ದು ಅರ್ಧ ನಿಮಿಷದವರೆಗೆ ರ‍್ಯಾಮಿನಲ್ಲೇ ಕಾದಿರಬಹುದು.

ಇಷ್ಟಾದರೂ, ತೋಟದ ಲೆಕ್ಕ, ಕೂಲಿ ಬಟವಾಡೆಯ ಡೇಟಾಬೇಸ್ ರ‍್ಯಾಮ್ ಡಿಸ್ಕಿನಲ್ಲಿ ಬೇಡವೇ ಬೇಡ. ಬರೆಯುತ್ತಿರುವಾಗಲೇ ನಕಲಾದ ಡೇಟಾಬೇಸ್ ಫೈಲು ಆಮೇಲೆ ತೆರೆಯದಿರಬಹುದು.

ಪ್ರಶ್ನೆ: ಚಿಕ್ಕಮಗಳೂರಿನ ವಿದ್ಯಾರ್ಥಿ. ಪ್ರಾಜೆಕ್ಟಿಗೆ 3 ಲಕ್ಷ ಸಣ್ಣ ಪಠ್ಯ ಫೈಲುಗಳಿವೆ, ಎಲ್ಲ ಸೇರಿ 250 ಎಂಬಿ. 1 ಜಿಬಿಯ ರ‍್ಯಾಮ್ ಡಿಸ್ಕಿಗೆ ಹಾಕಿದರೆ ನಡುವೆಯೇ 'ಜಾಗವಿಲ್ಲ' ಎನ್ನುತ್ತದೆ. ಯಾಕೆ?

ಉತ್ತರ: ಟಿಎಂಪಿಎಫ್‌ಎಸ್ ಜಾಗ ಕೊಡುವುದು 4 ಕೆಬಿಯ ತುಂಡುಗಳ ಲೆಕ್ಕದಲ್ಲಿ; ಈ ತುಂಡಿಗೆ 'ಪುಟ' ಎನ್ನುತ್ತಾರೆ. ನಿಮ್ಮ ಫೈಲು 900 ಬೈಟ್ ಇದ್ದರೂ ಒಂದು ಪುಟ ಅದರದ್ದೇ. 3 ಲಕ್ಷ ಪುಟವೆಂದರೆ 1.14 ಜಿಬಿ, ನಿಮ್ಮ ಮಿತಿ ಮೀರಿತು. ಡಿಸ್ಕನ್ನು ಬಿಚ್ಚದೆಯೇ ಹಿಗ್ಗಿಸಬಹುದು, ಒಳಗಿರುವ ಫೈಲುಗಳಿಗೆ ಏನೂ ಆಗುವುದಿಲ್ಲ:
ಸುಡೊ ಮೌಂಟ್ -ಓ ರಿಮೌಂಟ್,ಸೈಜ್=1500ಎಂ /ಎಂಎನ್‌ಟಿ/ರ‍್ಯಾಮ್

ಆಮೇಲೂ ಜಾಗವಿಲ್ಲ ಎಂದರೆ 'ಡಿಎಫ್ -ಐ' ಕೊಟ್ಟು ಐನೋಡ್ (ಪ್ರತಿ ಫೈಲಿಗೆ ಒಂದರಂತೆ ಬೇಕಾಗುವ ದಾಖಲೆ) ತುಂಬಿದೆಯೇ ನೋಡಿ. ಅದಕ್ಕೂ ಪ್ರತ್ಯೇಕ ಮಿತಿಯಿದೆ.

ಪ್ರಶ್ನೆ: ಪ್ರತಿ ಸಲ ಆನ್ ಮಾಡಿದಾಗಲೂ ಮೌಂಟ್ ಮಾಡಬೇಕೇ? (ಸಕಲೇಶಪುರ)

ಉತ್ತರ: ಬೇಡ. ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿ:
ಟಿಎಂಪಿಎಫ್‌ಎಸ್ /ಎಂಎನ್‌ಟಿ/ರ‍್ಯಾಮ್ ಟಿಎಂಪಿಎಫ್‌ಎಸ್ ಸೈಜ್=2ಜಿ,ಮೋಡ್=1777,ನೋಫೇಲ್ 0 0

ರೀಬೂಟ್ ಮಾಡುವ ಮೊದಲು 'ಸುಡೊ ಮೌಂಟ್ -ಎ' ಕೊಟ್ಟು ದೋಷ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ನೋಫೇಲ್ ಇಲ್ಲದಿದ್ದರೆ ಈ ಸಾಲಿನ ಒಂದು ತಪ್ಪಕ್ಷರಕ್ಕೂ ಯಂತ್ರ ಅರ್ಧಕ್ಕೇ ನಿಂತು ಎಮರ್ಜೆನ್ಸಿ ಮೋಡ್ ತೋರಿಸಬಹುದು.